ಡಾಲರ್ ಮುಳುಗುತ್ತದಂತೆ... ನಮ್ಮ ವರಹ ಎಷ್ಟು ವರ್ಷ ತೇಲಿತ್ತು ಗೊತ್ತೇ?

"ಅಮೆರಿಕದ ಕಥೆ ಮುಗೀತು, ಇನ್ನು ಡಾಲರಿಗೆ ಕಿಮ್ಮತ್ತಿಲ್ಲ!" ಈ ಮಾತು ಈಗ ನಮ್ಮ ಸಾಂಗೆಯ ಬಸ್ ಸ್ಟ್ಯಾಂಡಿನಲ್ಲೂ ಕೇಳುತ್ತದೆ, ಶಿಕ್ಷಕರ ಕೊಠಡಿಯಲ್ಲೂ ಕೇಳುತ್ತದೆ. ಮೊಬೈಲಿಗೆ ಬರುವ ವಿಡಿಯೋಗಳಂತೂ ಇನ್ನು ಆರು ತಿಂಗಳಲ್ಲಿ ಪ್ರಳಯ ಅನ್ನುವ ಧಾಟಿಯಲ್ಲೇ ಮಾತಾಡುತ್ತವೆ. ಕೆಲವರಿಗೆ ಇದರಿಂದ ಒಳಗೊಳಗೇ ಖುಷಿ. ದೊಡ್ಡವನು ಬೀಳುವುದನ್ನು ನೋಡುವ ಖುಷಿ! ಇನ್ನು ಕೆಲವರಿಗೆ ಭಯ. "ಸರ್, ಬ್ಯಾಂಕಿನಾಗಿನ ದುಡ್ಡು ತೆಗೆದು ಬಂಗಾರ ತಗೊಂಡ್ರ ಚಲೋ ಏನ್ರಿ?" ಅಂತ ಪಾಲಕರು ಕೇಳುತ್ತಾರೆ. ಮಾಸ್ತರಿಗೆ ಎಲ್ಲಾ ಗೊತ್ತಿರುತ್ತದೆ ಅನ್ನುವ ನಂಬಿಕೆ ಇನ್ನೂ ನಮ್ಮ ಜನರಲ್ಲಿ ಉಳಿದಿದೆಯಲ್ಲ, ಅದಕ್ಕೆ.

ನಾನು ಅರ್ಥಶಾಸ್ತ್ರಜ್ಞನಲ್ಲ. ಟಿಸಿಎಚ್ ಮುಗಿಸಿ, ಆಮೇಲೆ ಬಿಎ ಮಾಡಿಕೊಂಡು, ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುವವನು. ಆದರೆ ಈ ಪ್ರಶ್ನೆಗೆ ಉತ್ತರ ಹುಡುಕಲು ನ್ಯೂಯಾರ್ಕಿನತನಕ ಹೋಗಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನಾವು ಬಿಟ್ಟು ಬಂದ ಕರ್ನಾಟಕದ ಇತಿಹಾಸ ಮತ್ತು ನಾವು ನಿಂತಿರುವ ಗೋವಾದ ಇತಿಹಾಸ, ಈ ಎರಡನ್ನೂ ಸೇರಿಸಿ ಓದಿದರೆ ಸಾಕಷ್ಟು ಉತ್ತರ ಸಿಗುತ್ತದೆ.

ಮೊದಲು ಈಗಿನ ಸುದ್ದಿ ಏನೆಂದು ನೋಡೋಣ. 2025ರ ಮೊದಲ ಆರು ತಿಂಗಳಲ್ಲಿ ಡಾಲರ್ ಜಗತ್ತಿನ ಬೇರೆ ದೊಡ್ಡ ನಾಣ್ಯಗಳ ಎದುರು ಶೇ. 10ರಷ್ಟು ಇಳಿಯಿತು. ಅದೇ ವರ್ಷ ಮೇ ತಿಂಗಳಲ್ಲಿ ಮೂಡೀಸ್ ಸಂಸ್ಥೆ ಅಮೆರಿಕ ಸರ್ಕಾರದ ಸಾಲಕ್ಕೆ ಕೊಟ್ಟಿದ್ದ ಅತ್ಯುನ್ನತ ದರ್ಜೆಯನ್ನು ಒಂದು ಮೆಟ್ಟಿಲು ಇಳಿಸಿತು. ಆಗಸ್ಟಿನಲ್ಲಿ ಅಮೆರಿಕ ಭಾರತದ ಅನೇಕ ಸರಕುಗಳ ಮೇಲೆ ಶೇ. 50ರ ಸುಂಕ ಹೇರಿತು. ಅಕ್ಟೋಬರಿನಲ್ಲಿ ಬಂಗಾರದ ಬೆಲೆ ಔನ್ಸಿಗೆ 4000 ಡಾಲರ್ ದಾಟಿತು. ಇವೆಲ್ಲ ನಿಜ. ಆದರೆ ಅದೇ ವರ್ಷ ಡಿಸೆಂಬರಿನಲ್ಲಿ ಒಂದು ಡಾಲರಿಗೆ 90 ರೂಪಾಯಿ ದಾಟಿತು ಅನ್ನುವುದೂ ನಿಜ! ಅಂದರೆ "ಡಾಲರ್ ಬಿತ್ತು" ಅಂತ ನಾವು ಚಪ್ಪಾಳೆ ತಟ್ಟುತ್ತಿದ್ದಾಗಲೇ ನಮ್ಮ ರೂಪಾಯಿಯ ಎದುರು ಅದು ಏರುತ್ತಿತ್ತು. ಈ ಅರ್ಧ ಸುದ್ದಿಯನ್ನು ವಿಡಿಯೋದವರು ಹೇಳುವುದಿಲ್ಲ.

ಸಾಂಗೆಯಂಥ ಊರಿನಲ್ಲಿ ಕೂತು ಡಾಲರಿನ ಚಿಂತೆ ಏಕೆ ಅಂತ ಕೇಳಬಹುದು. ನಮ್ಮ ಮಕ್ಕಳ ತಂದೆ ತಾಯಂದಿರಲ್ಲಿ ಬಹಳ ಜನ ಬಂದದ್ದೇ ಗಣಿಯ ಸುತ್ತಲಿನ ಕೆಲಸಕ್ಕೆ. ಇಲ್ಲಿಯ ಕೆಂಪು ಅದಿರು ಟಿಪ್ಪರಿನಲ್ಲಿ ಜೆಟ್ಟಿಗೆ, ಜೆಟ್ಟಿಯಿಂದ ಬಾರ್ಜಿನಲ್ಲಿ ಜುವಾರಿ ನದಿ ಇಳಿದು ಮುರ್ಗಾಂವ್ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಮೊದಲು ಜಪಾನಿಗೆ, 2000ದ ನಂತರ ಹೆಚ್ಚಾಗಿ ಚೀನಾಕ್ಕೆ ಹೋಗುತ್ತಿತ್ತು. ಕೊಳ್ಳುವವನು ಚೀನಾದವನು, ಮಾರುವವನು ಭಾರತದವನು, ಆದರೆ ಬೆಲೆ ಕಟ್ಟುವುದು ಡಾಲರಿನಲ್ಲಿ! ಲೆಕ್ಕಕ್ಕೆ ಹೇಳುವುದಾದರೆ, ಟನ್ನಿಗೆ 60 ಡಾಲರ್ ಅಂದುಕೊಳ್ಳಿ. ಡಾಲರಿಗೆ 80 ರೂಪಾಯಿ ಇದ್ದರೆ 4800, 90 ಆದರೆ 5400. ಹೆಚ್ಚಾದ 600 ರೂಪಾಯಿ ಮಾರುವವನಿಗೆ. ಟಿಪ್ಪರ್ ಓಡಿಸುವವನ ಪಗಾರ ಅದರಿಂದ ಏರುವುದಿಲ್ಲ. ಏರುವುದು ಅವನ ಮನೆಯ ಅಡಿಗೆ ಎಣ್ಣೆ ಮತ್ತು ಪೆಟ್ರೋಲಿನ ಖರ್ಚು, ಯಾಕೆಂದರೆ ಅವೆರಡಕ್ಕೂ ದೇಶ ಬಹುಪಾಲು ಹೊರಗಿನ ಸರಕನ್ನೇ ನಂಬಿದೆ. ಡಾಲರ್ ನಮ್ಮ ಮನೆಯ ಒಲೆಯ ತನಕ ಬಂದು ಕೂತಿದೆ, ನಾವು ಕರೆದಿಲ್ಲ ಅಷ್ಟೇ.

ಈಗ ಹಿಂದಕ್ಕೆ ಹೋಗೋಣ.

ಸುಮಾರು 1520ರಲ್ಲಿ ದೊಮಿಂಗೊ ಪಾಯಸ್ ಎಂಬ ಪೋರ್ಚುಗೀಸ್ ಪ್ರವಾಸಿ ವಿಜಯನಗರಕ್ಕೆ ಬಂದಿದ್ದ. ಕೃಷ್ಣದೇವರಾಯನ ಕಾಲ. ಆ ರಾಜ್ಯದ ದುಂಡನೆಯ ಚಿನ್ನದ ನಾಣ್ಯವನ್ನು ಕಂಡು, ಇದು ಹಿಂದೂಸ್ಥಾನದ ಎಲ್ಲಾ ಕಡೆ ನಡೆಯುತ್ತದೆ ಅಂತ ಬರೆದಿಟ್ಟ. ಅವನು ಆ ನಾಣ್ಯವನ್ನು ಕರೆದದ್ದು 'ಪರ್ದಾವ್' ಎಂದು. ಇದು ಎಲ್ಲಿಂದ ಬಂದ ಶಬ್ದ? ನಮ್ಮ 'ಪ್ರತಾಪ'! ವಿಜಯನಗರದ ನಾಣ್ಯಗಳ ಮೇಲೆ 'ಶ್ರೀ ಪ್ರತಾಪ ದೇವರಾಯ' ಎಂಬಂಥ ಬರಹ ಇರುತ್ತಿತ್ತು, ಪ್ರತಾಪ ಅಂತ ಒಂದು ನಾಣ್ಯವೂ ಇತ್ತು. ಪೋರ್ಚುಗೀಸರ ನಾಲಿಗೆಯಲ್ಲಿ ಅದು ಪರ್ದಾವ್ ಆಯಿತು. 1510ರಲ್ಲಿ ಅಲ್ಬುಕರ್ಕ್ ಗೋವಾ ಗೆದ್ದ ಕೂಡಲೇ ಇಲ್ಲೊಂದು ಟಂಕಸಾಲೆ ತೆರೆದು ತನ್ನ ರಾಜನ ಹೆಸರಿನಲ್ಲಿ ನಾಣ್ಯ ಹೊಡೆಸಿದ. ಆದರೂ ಗೋವಾದ ಪೇಟೆಯಲ್ಲಿ ಲೆಕ್ಕ ನಡೆದದ್ದು ಪರ್ದಾವಿನಲ್ಲಿ. ತೋಪು ಅವರದು, ಹಡಗು ಅವರದು, ಕೋಟೆ ಅವರದು. ನಾಣ್ಯದ ಹೆಸರು ಮಾತ್ರ ತುಂಗಭದ್ರೆಯ ದಂಡೆಯದು!

1565ರಲ್ಲಿ ರಕ್ಕಸ-ತಂಗಡಿ ಯುದ್ಧ ಆಯಿತು. ಹಂಪಿ ಹಾಳಾಯಿತು. ಆಗಲೂ "ಇನ್ನು ವರಹಕ್ಕೆ ಕಿಮ್ಮತ್ತಿಲ್ಲ" ಅಂತ ಹೇಳಿದವರು ಇದ್ದಿರಬೇಕಲ್ಲವೇ? ಆದರೆ ಆದದ್ದೇನು? ಕೆಳದಿಯ ನಾಯಕರು ವರಹ ಹೊಡೆಸಿದರು. 1763ರಲ್ಲಿ ಬಿದನೂರು ಗೆದ್ದ ಹೈದರಾಲಿ ಕೂಡ ಶಿವ ಪಾರ್ವತಿಯರ ಚಿತ್ರವಿದ್ದ ವರಹವನ್ನೇ ಮುಂದುವರಿಸಿದ, ಹಿಂಬದಿಗೆ ತನ್ನ ಹೆಸರಿನ ಮೊದಲ ಅಕ್ಷರ ಹಾಕಿಸಿದ ಅಷ್ಟೇ. ಜನ ನಂಬಿದ ಚಿತ್ರವನ್ನು ತೆಗೆದರೆ ಪೇಟೆಯಲ್ಲಿ ನಾಣ್ಯ ನಡೆಯುವುದಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು. ಮದ್ರಾಸಿನ ಇಂಗ್ಲಿಷ್ ಕಂಪನಿಯವರೂ ವರಹ ಹೊಡೆಸಿದರು, ಅದನ್ನು ಪಗೋಡ ಅಂತ ಕರೆದರು. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಮೈಸೂರಿನ ಮೇಲೆ ಕಂಪನಿ ಹೇರಿದ ವಾರ್ಷಿಕ ಕಪ್ಪ ಎಷ್ಟು? ಏಳು ಲಕ್ಷ ನಕ್ಷತ್ರ ಪಗೋಡ. ಕಡೆಗೆ 1818ರಲ್ಲಿ ಮದ್ರಾಸಿನಲ್ಲಿ ರೂಪಾಯಿಯನ್ನೇ ಅಧಿಕೃತ ಮಾಡಿದಾಗ ಪಗೋಡದ ಕಾಲ ಮುಗಿಯಿತು. 1565ರಿಂದ 1818, ಲೆಕ್ಕ ಹಾಕಿ. 253 ವರ್ಷ! ಸಾಮ್ರಾಜ್ಯ ಬಿದ್ದ ಮೇಲೂ ಅದರ ನಾಣ್ಯ ಇಷ್ಟು ಕಾಲ ನಡೆಯಿತು.

ನಮ್ಮ ಸಾಂಗೆಯ ಭಾಗಕ್ಕೂ ಇದೇ ಪಾಠ ಬೇರೆ ರೀತಿಯಲ್ಲಿ ಸಿಕ್ಕಿದೆ. ಒಂದು ಕಾಲಕ್ಕೆ ಈ ನೆಲ ಶಿರಸಿ ಹತ್ತಿರದ ಸೋಂದೆ ಅರಸರ ಕೈಯಲ್ಲಿತ್ತು. 1760ರ ದಶಕದಲ್ಲಿ ಹೈದರಾಲಿಯ ದಂಡು ಬಂದಾಗ ಸೋಂದೆಯ ಅರಸರು ಗೋವಾಕ್ಕೆ ಬಂದು ಪೋರ್ಚುಗೀಸರ ಆಶ್ರಯ ಪಡೆದರು, ಈ ಭಾಗ ಪೋರ್ಚುಗೀಸರದಾಯಿತು. ಮುಂದೆ 1878ರಲ್ಲಿ ಪೋರ್ಚುಗಲ್ ಮತ್ತು ಬ್ರಿಟನ್ ನಡುವೆ ಒಂದು ಒಪ್ಪಂದ ಆಯಿತು. ಅದರ ಪ್ರಕಾರ 1881ರಿಂದ ಗೋವಾದ 'ರುಪಿಯಾ' ತೂಕದಲ್ಲೂ ಬೆಳ್ಳಿಯಲ್ಲೂ ಬ್ರಿಟಿಷರ ರೂಪಾಯಿಗೆ ಸರಿಸಮ ಆಯಿತು. ಮೇಲೆ ಪೋರ್ಚುಗಲ್ ದೊರೆಯ ಮುಖ, ಟಂಕಿಸಿದ್ದು ಕಲ್ಕತ್ತದಲ್ಲಿ! ಅದೇ ಒಪ್ಪಂದದಿಂದ ಮುರ್ಗಾಂವಿನಿಂದ ಕುಳೆಂ, ದೂಧಸಾಗರ ದಾಟಿ ಕ್ಯಾಸಲ್ ರಾಕಿಗೆ ಹೋಗುವ ರೈಲೂ ಬಂತು. ನಮ್ಮ ಜನ ಇವತ್ತಿಗೂ ಊರಿಗೆ ಹೋಗುವುದು ಅದೇ ಹಳಿಯ ಮೇಲೆ. ಧ್ವಜ ಯಾರದು ಅನ್ನುವುದಕ್ಕಿಂತ ವ್ಯಾಪಾರ ಯಾರ ಜೊತೆ ಅನ್ನುವುದೇ ನಾಣ್ಯವನ್ನು ತೀರ್ಮಾನ ಮಾಡಿತು ಅಂತಾಯಿತಲ್ಲ?

ಇಷ್ಟು ಕೇಳಿ "ಹಾಗಾದರೆ ಡಾಲರ್ ಇನ್ನೂ 250 ವರ್ಷ ಇರುತ್ತದೆ ಬಿಡಿ" ಅಂತ ಮಲಗಿಬಿಡುವುದೂ ಸರಿಯಲ್ಲ. ಯಾಕೆಂದರೆ ಬೇಗ ಬಿದ್ದ ನಾಣ್ಯವೂ ಇದೆ, ಅದೂ ನಮ್ಮದೇ! ಕುವೈತ್, ಬಹರೇನ್, ಕತಾರ್, ದುಬೈ, ಮಸ್ಕತ್ ಈ ಎಲ್ಲಾ ಕಡೆ ಒಂದು ಕಾಲಕ್ಕೆ ಭಾರತದ ರೂಪಾಯಿಯೇ ನಡೆಯುತ್ತಿತ್ತು ಅಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಅಲ್ಲಿಂದ ಬಂಗಾರದ ಕಳ್ಳಸಾಗಣೆ ಹೆಚ್ಚಾಯಿತು ಅಂತ 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಕೊಲ್ಲಿಗಾಗಿಯೇ ಬೇರೆ ಬಣ್ಣದ ನೋಟು ಅಚ್ಚು ಹಾಕಿತು. 1961ರಲ್ಲಿ ಕುವೈತ್, 1965ರಲ್ಲಿ ಬಹರೇನ್ ತಮ್ಮದೇ ದಿನಾರ್ ಮಾಡಿಕೊಂಡವು. 1966ರ ಜೂನ್ 6ರಂದು ಭಾರತ ರೂಪಾಯಿಯ ಬೆಲೆ ಇಳಿಸಿತು. ಡಾಲರಿಗೆ 4.76 ಇದ್ದದ್ದು 7.50 ಆಯಿತು. ಕೊಲ್ಲಿಯವರು ಮಲಗಿ ಏಳುವುದರೊಳಗೆ ಅವರ ತಿಜೋರಿಯಲ್ಲಿದ್ದ ದುಡ್ಡು ಕರಗಿತ್ತು, ಅವರದೇನೂ ತಪ್ಪಿಲ್ಲದೆ! ಅದೇ ವರ್ಷ ಕತಾರ್, ದುಬೈ ರೂಪಾಯಿ ಬಿಟ್ಟವು. 1970ರಲ್ಲಿ ಒಮಾನ್ ಕೂಡ ಬಿಟ್ಟಿತು. ಇವತ್ತು ನಮ್ಮ ಹುಡುಗರು ದಿರ್ಹಾಮ್ ದುಡಿಯಲು ಅಲ್ಲಿಗೆ ವಿಮಾನ ಹತ್ತುತ್ತಾರೆ.

ವರಹ 253 ವರ್ಷ ಉಳಿಯಿತು, ಕೊಲ್ಲಿಯ ರೂಪಾಯಿ ಹನ್ನೊಂದು ವರ್ಷದಲ್ಲಿ ಮುಗಿಯಿತು. ವ್ಯತ್ಯಾಸ ಎಲ್ಲಿದೆ? ವರಹದಲ್ಲಿ ಚಿನ್ನ ಇತ್ತು, ಅದನ್ನು ಹೊಡೆಸಿದವರು ಯಾರೇ ಇರಲಿ ಜನ ಒರೆಗೆ ಹಚ್ಚಿ ನೋಡಬಹುದಿತ್ತು. ಕಾಗದದ ನೋಟಿನಲ್ಲಿ ಇರುವುದು ಬರೀ ಮಾತು. ಮಾತು ಕೊಟ್ಟವನು ಮಾತು ತಪ್ಪಿದರೆ, ತೆಗೆದುಕೊಂಡವನು ಮೆಲ್ಲಗೆ ಬಾಗಿಲ ಕಡೆ ನೋಡುತ್ತಾನೆ.

ಡಾಲರಿನ ಕಥೆಯೂ ಇದೇ. 1944ರಲ್ಲಿ ಅಮೆರಿಕದ ಬ್ರೆಟನ್ ವುಡ್ಸ್ ಎಂಬಲ್ಲಿ 44 ದೇಶಗಳು ಸೇರಿದಾಗ, 35 ಡಾಲರಿಗೆ ಒಂದು ಔನ್ಸ್ ಚಿನ್ನ ಅನ್ನುವ ಮಾತಿನ ಮೇಲೆ ಡಾಲರ್ ಜಗತ್ತಿನ ಯಜಮಾನ ಆಯಿತು. 1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಅಂದೇ ಡಾಲರ್ ಮುಳುಗಬೇಕಿತ್ತು. ಮುಳುಗಲಿಲ್ಲ. ಯಾಕೆಂದರೆ ಜಗತ್ತಿಗೆ ಬೇರೆ ನಾಣ್ಯ ಸಿದ್ಧ ಇರಲಿಲ್ಲ. ಅದಕ್ಕೂ ಮೊದಲು ಯಜಮಾನ ಆಗಿದ್ದ ಬ್ರಿಟಿಷ್ ಪೌಂಡ್ 1949ರಲ್ಲಿ ಒಮ್ಮೆ, 1967ರಲ್ಲಿ ಮತ್ತೊಮ್ಮೆ ಬೆಲೆ ಇಳಿಸಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಬಂತು. ಬಾಲದಂತೆ ಅದರ ಹಿಂದೆ ಇದ್ದ ನಮ್ಮ ರೂಪಾಯಿ 1949ರಲ್ಲಿ ತಾನೂ ಇಳಿಯಿತು, ಪೌಂಡಿನ ಗೂಟ ಬಿಡಿಸಿಕೊಂಡದ್ದು 1975ರಲ್ಲಿ!

ಈಗ ಡಾಲರ್ ಎಲ್ಲಿದೆ? ಜಗತ್ತಿನ ದೇಶಗಳು ಆಪತ್ಕಾಲಕ್ಕೆ ಅಂತ ಕೂಡಿಟ್ಟ ವಿದೇಶಿ ಹಣದಲ್ಲಿ 2000ದ ಸುಮಾರಿಗೆ ನೂರಕ್ಕೆ 71ರಷ್ಟು ಡಾಲರ್ ಇತ್ತು. 2025ರ ಹೊತ್ತಿಗೆ ಅದು 57ರ ಆಸುಪಾಸಿಗೆ ಬಂದಿತ್ತು. ಇಳಿಕೆ ನಿಜ, ಆದರೆ 25 ವರ್ಷದ ಇಳಿಕೆ. ಎರಡನೇ ಸ್ಥಾನದ ಯೂರೋ 20ರ ಹತ್ತಿರ, ಚೀನಾದ ಯುವಾನ್ 2ರ ಹತ್ತಿರ. ಡಾಲರಿನ ಕುರ್ಚಿಯಲ್ಲಿ ಕೂರಲು ಇನ್ನೂ ಯಾರೂ ಬಂದಿಲ್ಲ. ಆದರೆ ಕುರ್ಚಿಯ ಕಾಲನ್ನು ಅದರ ಯಜಮಾನನೇ ಕೆರೆಯುತ್ತಿದ್ದಾನೆ ಅನ್ನುವುದು ನನ್ನ ಮಟ್ಟಿಗೆ ಸತ್ಯ. 2022ರಲ್ಲಿ ರಷ್ಯ ಯುಕ್ರೇನಿನ ಮೇಲೆ ದಾಳಿ ಮಾಡಿದಾಗ ಅಮೆರಿಕ ಮತ್ತು ಯುರೋಪಿನ ದೇಶಗಳು ರಷ್ಯದ ಸುಮಾರು 300 ಬಿಲಿಯನ್ ಡಾಲರ್ ಮೌಲ್ಯದ ಠೇವಣಿಗೆ ಬೀಗ ಹಾಕಿದವು. ದಾಳಿ ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಳಿದ ದೇಶಗಳು ಮನಸ್ಸಿನಲ್ಲಿ ಏನು ಬರೆದುಕೊಂಡವು? "ನಾಳೆ ನಮ್ಮದಕ್ಕೂ ಬೀಗ ಬೀಳಬಹುದು" ಅಂತ. ಅದೇ ವರ್ಷ ಜುಲೈನಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ವಿದೇಶ ವ್ಯಾಪಾರವನ್ನು ರೂಪಾಯಿಯಲ್ಲೇ ಚುಕ್ತಾ ಮಾಡುವ ದಾರಿ ತೆರೆಯಿತು. 2024ರಲ್ಲಿ ಇಂಗ್ಲೆಂಡಿನಲ್ಲಿ ಇಟ್ಟಿದ್ದ ಚಿನ್ನದಲ್ಲಿ 100 ಟನ್ ದೇಶಕ್ಕೆ ವಾಪಸು ತಂದಿತು. ಹೀಗೆ ಒಬ್ಬೊಬ್ಬರಾಗಿ, ಗದ್ದಲ ಇಲ್ಲದೆ ಬಾಗಿಲ ಕಡೆ ನೋಡುತ್ತಿದ್ದಾರೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಡಾಲರ್ ನಾಳೆ ಬೆಳಿಗ್ಗೆ ಮುಳುಗುವುದಿಲ್ಲ. ನಮ್ಮ ಈಗಿನ ಐದನೇ ತರಗತಿಯ ಮಕ್ಕಳು ದುಡಿಯುವ ಹೊತ್ತಿಗೆ ಒಂದೇ ನಾಣ್ಯದ ಯಜಮಾನಿಕೆ ಹೋಗಿ ಮೂರು ನಾಲ್ಕು ನಾಣ್ಯಗಳ ಕಾಲ ಬರಬಹುದು. ಅದಕ್ಕೆ ಕುಣಿಯುವುದೂ ಬೇಡ, ಅಳುವುದೂ ಬೇಡ. ಆದರೆ ಒಂದು ಮಾತನ್ನು ಮರೆಯಬಾರದು. ನಾಣ್ಯ ಬದಲಾಗುವಾಗ ಪೆಟ್ಟು ಬೀಳುವುದು ಯಾವಾಗಲೂ ಚಿಕ್ಕವರ ಮೇಲೆ.

ಇದಕ್ಕೂ ಗೋವಾದಲ್ಲೇ ಸಾಕ್ಷಿ ಇದೆ. ಪೋರ್ಚುಗೀಸರು 1959ರಲ್ಲಿ ಇಲ್ಲಿಯ ರುಪಿಯಾ ತೆಗೆದು ಲಿಸ್ಬನ್ನಿನ ಎಸ್ಕೂಡೊ ತಂದರು, ಒಂದು ರುಪಿಯಾಕ್ಕೆ ಆರು ಎಸ್ಕೂಡೊ. ಜನ ಅದಕ್ಕೆ ಹೊಂದಿಕೊಳ್ಳುವಷ್ಟರಲ್ಲಿ 1961ರ ಡಿಸೆಂಬರ್ 19 ಬಂತು, ಗೋವಾ ವಿಮೋಚನೆ ಆಯಿತು. ಆಮೇಲೆ ಭಾರತದ ರೂಪಾಯಿ. ಮೂರು ವರ್ಷದೊಳಗೆ ಮೂರು ನಾಣ್ಯ! ಇದಕ್ಕಿಂತ ದೊಡ್ಡ ಪೆಟ್ಟು ಬೇರೆಯದು. ಇಲ್ಲಿಯ ಜನ ಬ್ಯಾಂಕೊ ನಾಸಿಯೊನಾಲ್ ಉಲ್ಟ್ರಾಮಾರಿನೊ ಎಂಬ ಪೋರ್ಚುಗೀಸ್ ಬ್ಯಾಂಕಿನಲ್ಲಿ ಒಡವೆ ಅಡವಿಟ್ಟು ಸಾಲ ತೆಗೆದಿದ್ದರು. ಆ ಒಡವೆಗಳು ಲಿಸ್ಬನ್ನಿಗೆ ಹೋಗಿಬಿಟ್ಟವು. ವಾಪಸು ಬಂದದ್ದು 1991ರಲ್ಲಿ. ಮೂವತ್ತು ವರ್ಷ! ಮದುವೆಗೆ ಅಂತ ಇಟ್ಟ ಬಳೆ ಬರುವಷ್ಟರಲ್ಲಿ ಆ ಹುಡುಗಿ ಅಜ್ಜಿಯಾಗಿರಬಹುದು. ಬಂಗಾರ ಸುರಕ್ಷಿತ ಅನ್ನುವವರು ಇದನ್ನು ನೆನಪಿಡಬೇಕು. ಬಂಗಾರ ಕರಗುವುದಿಲ್ಲ ನಿಜ, ಆದರೆ ಅದು ಯಾರ ಕೈಯಲ್ಲಿದೆ ಅನ್ನುವುದು ದೊಡ್ಡ ಪ್ರಶ್ನೆ.

ವಿಚಿತ್ರ ನೋಡಿ, ಅದೇ 1991ರಲ್ಲಿ ಭಾರತ ಸರ್ಕಾರಕ್ಕೂ ಡಾಲರ್ ಸಾಲದೆ ಬಂದು, ರಿಸರ್ವ್ ಬ್ಯಾಂಕಿನ 47 ಟನ್ ಚಿನ್ನವನ್ನು ವಿದೇಶದಲ್ಲಿ ಅಡವಿಡಬೇಕಾಯಿತು. ಗೋವಾದ ಅಜ್ಜಿಯರ ಒಡವೆ ಬಿಡಿಸಿಕೊಂಡು ಬಂದ ವರ್ಷವೇ ದೇಶದ ಒಡವೆ ಅಡವಿಗೆ ಹೋಯಿತು! ಇನ್ನು 2016ರ ನವೆಂಬರ್ 8ರ ರಾತ್ರಿಯನ್ನು ನಮ್ಮ ಪಾಲಕರಿಗೆ ಯಾರೂ ನೆನಪು ಮಾಡಿಕೊಡಬೇಕಾಗಿಲ್ಲ. ನಗದು ಪಗಾರದ ಮೇಲೆ ಬದುಕುವವರು, ಈ ಊರಿನ ಬ್ಯಾಂಕಿನಲ್ಲಿ ಖಾತೆ ಇಲ್ಲದವರು, ಕಾಗದಪತ್ರ ಊರಿನಲ್ಲೇ ಬಿಟ್ಟು ಬಂದವರು, ಇವರೇ ಸಾಲಿನಲ್ಲಿ ಹೆಚ್ಚು ಹೊತ್ತು ನಿಂತರು.

ಹಾಗಾದರೆ ನಾವು ಮಾಡಬೇಕಾದ್ದೇನು? ಸಾಲ ತೆಗೆದು ಬಂಗಾರ ಕೊಳ್ಳಬೇಡಿ. 2025ರ ಏಪ್ರಿಲಿನಲ್ಲೇ ಹತ್ತು ಗ್ರಾಂ ಲಕ್ಷ ರೂಪಾಯಿ ಮುಟ್ಟಿದ ವಸ್ತು ಅದು, ಏರಿದ್ದು ಇಳಿದರೆ ಬಡ್ಡಿ ಮಾತ್ರ ಇಳಿಯುವುದಿಲ್ಲ. "ಡಾಲರ್ ಬೀಳುತ್ತೆ, ನಮ್ಮ ಆ್ಯಪಿನಲ್ಲಿ ದುಡ್ಡು ಹಾಕಿ, ಮೂರು ತಿಂಗಳಲ್ಲಿ ದುಪ್ಪಟ್ಟು" ಅನ್ನುವವರ ಹತ್ತಿರವೂ ಸುಳಿಯಬೇಡಿ. ಭಯ ಮಾರುವವನೇ ಕೊನೆಗೆ ಔಷಧವನ್ನೂ ಮಾರುತ್ತಾನೆ. ಸಣ್ಣದಾದರೂ ಸರಿ, ಸ್ವಂತ ಹೆಸರಿನಲ್ಲಿ, ಅದರಲ್ಲೂ ಮನೆಯ ಹೆಣ್ಣುಮಗಳ ಹೆಸರಿನಲ್ಲಿ ಒಂದು ಖಾತೆ ಇರಲಿ. ಅಡವಿನ ಚೀಟಿ, ಪಾಸ್‌ಬುಕ್, ಆಧಾರ್ ಒಂದೇ ಕಡೆ ಇಡಿ. ಉಳಿತಾಯ ಎಲ್ಲವನ್ನೂ ಒಂದೇ ಕಡೆ ಇಡಬೇಡಿ. ದೊಡ್ಡ ದೊಡ್ಡ ದೇಶಗಳು ಈಗ ಮಾಡುತ್ತಿರುವುದೂ ಅದನ್ನೇ.

ಶಿಕ್ಷಕ ಬಂಧುಗಳಿಗೆ ಒಂದು ಮಾತು. ಈ ವಿಷಯ ಪಠ್ಯದಲ್ಲಿಲ್ಲ ಅಂತ ಬಿಡಬೇಡಿ. ಹಣ, ಕಾಸು, ದುಡ್ಡು, ಹೊನ್ನು ಇವೆಲ್ಲ ಒಂದು ಕಾಲದ ನಾಣ್ಯಗಳ ಹೆಸರು ಅಂತ ಹೇಳಿದರೆ ಮಕ್ಕಳ ಕಣ್ಣು ಅರಳುತ್ತದೆ. ಶೇಕಡಾ ಲೆಕ್ಕಕ್ಕೆ ಡಾಲರ್ ರೂಪಾಯಿಯನ್ನೇ ಕೊಡಿ. ಕನ್ನಡ ಮಾಧ್ಯಮದ ಮಗುವಿಗೆ ಜಗತ್ತಿನ ವ್ಯವಹಾರ ಕನ್ನಡದಲ್ಲೇ ಅರ್ಥವಾಗಬೇಕು. ಅರ್ಥವಾಗದಿದ್ದರೆ ಆ ಜಾಗವನ್ನು ಮೊಬೈಲ್ ವಿಡಿಯೋ ತುಂಬುತ್ತದೆ.

ನನಗೆ ನಿಜವಾದ ಚಿಂತೆ ಇರುವುದು ಇಲ್ಲಿ. 2012ರಲ್ಲಿ ಗಣಿಗಾರಿಕೆ ನಿಂತಾಗ, ಮತ್ತೆ 2018ರಲ್ಲಿ ನಿಂತಾಗ, ಈ ಭಾಗದ ಎಷ್ಟೋ ಮನೆಗಳಲ್ಲಿ ಮೊದಲು ಖರ್ಚು ಕಡಿತ ಆದದ್ದು ಮಕ್ಕಳ ಓದಿನಲ್ಲಿ. ವರ್ಷದ ಮಧ್ಯದಲ್ಲೇ ಟಿಸಿ ತೆಗೆದುಕೊಂಡು ಹೋದ ಮಕ್ಕಳಲ್ಲಿ ಎಲ್ಲರೂ ಊರಿನ ಶಾಲೆಗೆ ಸೇರಲಿಲ್ಲ. ನಾಳೆ ಡಾಲರಿನ ಹೆಸರಿನಲ್ಲಿ ಇನ್ನೊಂದು ಭಯ ಬಂದಾಗಲೂ ಹಾಗಾಗಬಾರದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಆ ಹೊನ್ನೂ ಹೋಯಿತು, ವರಹವೂ ಹೋಯಿತು, ಪರ್ದಾವ್, ರುಪಿಯಾ, ಎಸ್ಕೂಡೊ ಎಲ್ಲಾ ಈಗ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆ ಸೇರಿವೆ. ದುಡ್ಡೇ ದೊಡ್ಡಪ್ಪ ಅನ್ನುವ ಗಾದೆಯ ಮುಂದಿನ ತುಂಡನ್ನು ನಾವು ಮರೆತಿದ್ದೇವೆ, ವಿದ್ಯೆ ಅವರಪ್ಪ! ಬಂಗಾರಕ್ಕೆ ಅಂತ ತೆಗೆದಿಟ್ಟ ದುಡ್ಡಿನಲ್ಲಿ ಮೊದಲು ಮಗಳ ಹತ್ತನೇ ತರಗತಿ ಮುಗಿಯಲಿ. ಏನಂತೀರಿ?